ನಿಧಾನಪ್ಪ ಟ್ಯಾಬ್ ಕೊಳ್ಳಲು ಹೊರಟದ್ದು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಇಟ್ಟವರು ಯಾರೋ, ಅವರಿಗೊಂದು ಹಾರ ಹಾಕಬೇಕು. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ನಾನು ಅವರಿಗೆ ಬಹುವಚನ ಹಚ್ಚುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಹತ್ತಿರ ಇಲ್ಲ, ಇದ್ದರೂ ಕೊಡುವುದಿಲ್ಲ. ಈ ಮಹಾನುಭಾವರು ಒಂದು ಟ್ಯಾಬನ್ನು ಯಾವಾಗ ಕೊಳ್ಳಬೇಕು ಎಂದು ಯೋಚಿಸುತ್ತ ಕೂತದ್ದರಿಂದ ಒಬ್ಬ ಹುಡುಗಿ ಮೆಡಿಕಲ್ ಕಾಲೇಜು ಬಿಟ್ಟು ಮನೆಗೆ ಬರುವುದರಲ್ಲಿದ್ದಳು. ಆ ಹುಡುಗಿ ಅವರ ಮಗಳೂ ಅಲ್ಲ. ಆ ಕತೆ ಹೇಳಬೇಕಾದರೆ ಮೊದಲು ಇವರ ಗುಣಗಾನ ಸ್ವಲ್ಪ ಆಗಬೇಕು.

ಭಾವನ ಕೆಲಸ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಸೀಲು ಒತ್ತುವುದು. ಇನ್ಸ್‌ಪೆಕ್ಟರು. ಹಿತ್ತಾಳೆಯ ತೂಕದ ಬಟ್ಟುಗಳಿರುವ ಮರದ ಪೆಟ್ಟಿಗೆಯೊಂದನ್ನು ಹೊತ್ತು ಇವರ ಹಿಂದೆ ಒಬ್ಬ ಸಹಾಯಕರು ಬರುತ್ತಾರೆ. ಪೆಟ್ಟಿಗೆಯಣ್ಣ ಎಂದೇ ಎಲ್ಲರೂ ಅವರನ್ನು ಕರೆಯುವುದು. ಭಾವ ಅಂಗಡಿಗೆ ಹೋದರೆ ಬಟ್ಟು ಇಟ್ಟು ಮುಳ್ಳು ನಿಲ್ಲುವವರೆಗೆ ಕಾಯುತ್ತಾರೆ. ನಿಂತ ಮೇಲೂ ಕಾಯುತ್ತಾರೆ. ಹೊರಗೆ ಗಿರಾಕಿಗಳು ಚೀಲ ಹಿಡಿದು ಗೊಣಗುತ್ತಿರುತ್ತಾರೆ, ಅಂಗಡಿಯವನು ಬೆವರು ಒರೆಸಿಕೊಳ್ಳುತ್ತಿರುತ್ತಾನೆ, ಇವರು ಮಾತ್ರ ಮುಳ್ಳಿನ ಮೇಲೆ ಕಣ್ಣು ನೆಟ್ಟು ನಿಂತಿರುತ್ತಾರೆ. ತಕ್ಕಡಿಗೆ ಅದು ಸರಿ. ಆದರೆ ಈ ಮನುಷ್ಯ ಮನೆಗೆ ಬಂದ ಮೇಲೂ ಅದನ್ನೇ ಮಾಡುತ್ತಾರೆ, ಅಲ್ಲೇ ಬಂದದ್ದು ತೊಂದರೆ.

ಫ್ರಿಜ್ಜು ಕೊಳ್ಳಲು ಒಳ್ಳೆಯ ಕಾಲಕ್ಕಾಗಿ ಕಾದರು. ಅಷ್ಟು ವರ್ಷವೂ ಅಕ್ಕ ಹಾಲಿನ ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿ ಇಟ್ಟು, ದಿನಕ್ಕೆರಡು ಸಲ ನೀರು ಬದಲಾಯಿಸಿಕೊಂಡು ಸಂಸಾರ ಮಾಡಿದಳು. ಫ್ಯಾನು ಬೇಕೆಂದರೆ ಬೇಸಿಗೆ ಮುಗಿಯುವವರೆಗೆ ವಿಚಾರ ಮಾಡಿ, "ಈಗ್ಯಾಕೆ, ಸೆಕೆ ಹೋಯ್ತಲ್ಲ" ಎನ್ನುತ್ತಿದ್ದರು. ಅಲ್ಲಾಡುವ ಹಲ್ಲನ್ನು ಕೀಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಅದು ತಾನಾಗಿ ಉದುರಿ, ಅವರ ತತ್ವಕ್ಕೆ ಜಯವಾಯಿತು. ಇನ್ನು ಕನ್ನಡಕದ ಕತೆ ಕೇಳಬೇಡಿ. ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಮನೆ ಮಂದಿಗೆಲ್ಲ ನಾನೇ ಮಾಡಿಕೊಟ್ಟಿದ್ದೇನೆ. ಇವರು ಮಾತ್ರ ಪೇಪರನ್ನು ತೋಳುದ್ದ ಹಿಡಿದುಕೊಂಡು ಓದುತ್ತ, "ನಂಬರು ಇನ್ನೂ ನಿಂತಿಲ್ಲ ನೋಡಮ್ಮ, ನಿಂತ ಮೇಲೆ ಮಾಡಿಸ್ತೀನಿ" ಎನ್ನುತ್ತಾರೆ. ಕಣ್ಣಿನ ನಂಬರು ನಿಲ್ಲುವುದು ಯಾವಾಗ ಎಂದು ನನಗೆ ಗೊತ್ತು, ಬಾಯಿಬಿಟ್ಟು ಹೇಳಿದರೆ ಅಕ್ಕ ಬೈಯುತ್ತಾಳೆ.

ಮದುವೆಯೂ ಹಾಗೇ. ಅಕ್ಕನನ್ನು ನೋಡಿಕೊಂಡು ಹೋಗಿ ಒಪ್ಪಿಗೆ ಹೇಳುವುದಕ್ಕೆ ಎಷ್ಟು ಕಾಲ ತೆಗೆದುಕೊಂಡರೆಂದರೆ, ಅಷ್ಟರಲ್ಲಿ ನಮ್ಮಪ್ಪ ಇನ್ನೊಂದು ಕಡೆ ಮಾತು ಶುರು ಮಾಡಿದ್ದರು. ಆ ಸುದ್ದಿ ಕಿವಿಗೆ ಬಿದ್ದಾಗ ಓಡೋಡಿ ಬಂದರು. ಜೀವಮಾನದಲ್ಲಿ ಅವರು ಓಡಿದ್ದು ಅದೊಂದೇ ಸಲ, ಅದೂ ನಮ್ಮ ದುರದೃಷ್ಟಕ್ಕೆ. ಇನ್ನೊಂದು ಕಡೆಯ ಹುಡುಗ ಬೇಕರಿ ಇಟ್ಟಿದ್ದ, ಈಗಲೂ ಇಟ್ಟಿದ್ದಾನೆ. ಆ ಬೇಕರಿ ಮುಂದೆ ಹಾದುಹೋಗುವಾಗ ಅಕ್ಕ ಆ ಕಡೆ ನೋಡುವುದಿಲ್ಲ. ನಾನು ಚೆನ್ನಾಗಿ ನೋಡುತ್ತೇನೆ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತು. ಹುಡುಗಿ ಚುರುಕು, ಅಮ್ಮನ ಕಡೆ ಹೋಗಿದ್ದಾಳೆ. ಕಾಲೇಜು ಸೇರಿದ ಮೊದಲ ವಾರವೇ ಬಂದು, "ಅಪ್ಪಾ, ಒಂದು ಟ್ಯಾಬ್ ಬೇಕು. ಕೈಯಲ್ಲಿ ಹಿಡ್ಕೊಳ್ಳೋ ಅಂಥದ್ದು, ಕೋಟಿನ ಜೇಬಲ್ಲಿ ಹಿಡಿಯೋ ಅಂಥದ್ದು. ಎಲ್ಲರ ಹತ್ರನೂ ಇದೆ" ಎಂದಳು.

ಅವಳು ಬಿಡಿಸಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಪಾಠದ ಚಿತ್ರಗಳು, ಕೋಶಗಳ ಸ್ಲೈಡುಗಳು, ಪ್ರಶ್ನೆಗಳು ಎಲ್ಲವನ್ನೂ ಕಾಲೇಜಿನವರು ಪರದೆಗೇ ಕಳಿಸುತ್ತಾರಂತೆ. ಹೆಣ ಕೊಯ್ಯುವ ಹಾಲ್‌ನಲ್ಲಿ ಒಂದೊಂದು ಮೇಜಿನ ಸುತ್ತ ಒಂದೊಂದು ಗುಂಪು. ಕೈಗವಸಿನ ತುಂಬ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ಇರುತ್ತದೆಂದು ಟ್ಯಾಬನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಮೇಲಿಂದಲೇ ಬೆರಳಾಡಿಸುತ್ತಾರೆ. ಚಿತ್ರದಲ್ಲಿರುವ ನರ ಯಾವುದು, ಮೇಜಿನ ಮೇಲಿರುವ ನರ ಯಾವುದು ಎಂದು ಹೊಂದಿಸಿ ನೋಡುತ್ತಾರೆ. ಟ್ಯಾಬ್ ಇದ್ದವರು ಮುಂದೆ ನಿಲ್ಲುತ್ತಾರೆ. ಇಲ್ಲದವರಿಗೆ ಹಿಂದಿನಿಂದ ಕಾಣುವುದು ಮುಂದಿನವರ ಕತ್ತು ಮಾತ್ರ.

ಭಾವ ಎಲ್ಲವನ್ನೂ ಕೇಳಿ ತಲೆದೂಗಿದರು. ಬೇಡ ಎಂದು ಅವರು ಯಾವತ್ತೂ ಹೇಳುವವರಲ್ಲ, ಆ ಪುಣ್ಯವೂ ನಮಗಿಲ್ಲ. ಬೇಡ ಎಂದಿದ್ದರೆ ಜಗಳ ಮಾಡಿ ಒಂದು ಇತ್ಯರ್ಥಕ್ಕಾದರೂ ಬರಬಹುದಿತ್ತು. "ಖಂಡಿತ ತಗೋಬೇಕು. ಆದ್ರೆ ಮೊದಲ್ನೇ ವರ್ಷ ಬರೀ ಮೂಳೆ, ಅದು ಪುಸ್ತಕದಲ್ಲೂ ಇದೆ. ಈಗ ತಗೊಂಡ್ರೆ ನೀನು ವಾರ್ಡಿಗೆ ಹೋಗೋ ಹೊತ್ತಿಗೆ ಹಳೇದಾಗಿರತ್ತೆ. ನಾನು ಸ್ವಲ್ಪ ಸ್ಟಡಿ ಮಾಡ್ತೀನಿ" ಎಂದರು.

ಸ್ಟಡಿ ಶುರುವಾಯಿತು. ಮೆಡಿಕಲ್ ಓದುವವಳು ಮಗಳು, ಸ್ಟಡಿ ಮಾಡುವವರು ಅಪ್ಪ. ಸಂಜೆ ಆಫೀಸಿನಿಂದ ಬಂದರೆ ಸಾಕು, ಗಾಜು ಒಡೆದ ಮೊಬೈಲನ್ನು ತೋಳುದ್ದ ಹಿಡಿದು ಟ್ಯಾಬ್‌ಗಳ ಬಗ್ಗೆ ಯಾರ್ಯಾರೋ ಹುಡುಗರು ಮಾತಾಡುವ ವಿಡಿಯೋ ನೋಡುತ್ತಿದ್ದರು. ಹೊಸ ಮಾಡೆಲ್ ಬರುತ್ತಿದೆ ಎಂದು ಗೊತ್ತಾದರೆ, ಅದು ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ತಡೆಯೋಣ ಎನ್ನುವರು. ಹೊಸದು ಬಂದರೆ, ಮೊದಲ ಖೇಪಿನಲ್ಲಿ ದೋಷ ಇದ್ದೇ ಇರುತ್ತದೆ, ಬೇರೆಯವರು ಅನುಭವಿಸಲಿ, ಆಮೇಲೆ ನಾವು ಎನ್ನುವರು. ಬೇರೆಯವರು ಅನುಭವಿಸಿ ಮುಗಿಸುವ ಹೊತ್ತಿಗೆ ಇನ್ನೊಂದು ಮಾಡೆಲ್‌ನ ಸುದ್ದಿ. ಒಂದು ಸಲ ನನ್ನ ಅಂಗಡಿಗೇ ಬಂದು, ಪರದೆಯ ಬೆಳಕಿನಿಂದ ಕಣ್ಣಿಗೇನಾದರೂ ಆಗುತ್ತದೆಯೇ ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾವೇ ವಿವರಿಸಲು ಶುರು ಮಾಡಿದರು. ಗಿರಾಕಿಯೊಬ್ಬರು ಇವರನ್ನೇ ಕಣ್ಣಿನ ಡಾಕ್ಟರೆಂದು ತಿಳಿದು ತಮ್ಮ ಪೊರೆಯ ವಿಷಯ ಕೇಳಿದರು. ಅವರಿಗೂ ಇವರು ಅವಸರ ಮಾಡಬೇಡಿ ಎಂದೇ ಹೇಳಿ ಕಳಿಸಿದರು.

ಇತ್ತ ಹುಡುಗಿ ಮೊದಲ ಕಿರುಪರೀಕ್ಷೆಯಲ್ಲಿ ಅಂಗರಚನೆಯಲ್ಲಿ ಫೇಲಾದಳು. ಹೈಸ್ಕೂಲಿನಿಂದಲೂ ಫೇಲು ಎಂದರೆ ಏನೆಂದು ಗೊತ್ತಿಲ್ಲದವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಕ್ಕ ಬಾಗಿಲ ಹೊರಗೆ ನಿಂತು ಸೆರಗು ಹಿಂಡುತ್ತಿದ್ದಳು. ಹಾಲ್‌ನಲ್ಲಿ ಅಪ್ಪ ವಿಡಿಯೋ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಊಟದ ಬಿಡುವಿನಲ್ಲಿ ಮೊಬೈಲ್ ಅಂಗಡಿಗೆ ಹೋಗಿ, ಹುಡುಗಿ ಹೇಳಿದ್ದ ಅಳತೆಯ ಟ್ಯಾಬ್ ಕೊಡಿ ಎಂದು ಕೇಳಿ ತೆಗೆದುಕೊಂಡೆ. ಬಿಡುವು ಮುಗಿಯುವುದರೊಳಗೆ ವಾಪಸು ಬಂದು ಊಟವನ್ನೂ ಮಾಡಿದೆ.

"ಅವ್ರಿಗೆ ಗೊತ್ತಾದ್ರೆ ಏನೇ ಗತಿ?" ಎಂದಳು ಅಕ್ಕ.

"ಏನಾಗತ್ತೆ? ಮುಂದಿನ ವರ್ಷ ಸಿಟ್ಟು ಮಾಡ್ಕೋಬೇಕೋ ಅದರ ಮುಂದಿನ ವರ್ಷ ಮಾಡ್ಕೋಬೇಕೋ ಅಂತ ಯೋಚನೆ ಮಾಡ್ತಾರೆ."

ಅಕ್ಕ ನಕ್ಕಳು, ಆದರೆ ಅವರಿಗೆ ಹೇಳಿಬಿಡಲು ಒಪ್ಪಲಿಲ್ಲ. ಮನೆಯಲ್ಲಿ ತೀರ್ಮಾನ ಮಾಡುವ ಒಂದು ಕೆಲಸವಾದರೂ ಅವರಿಗಿರಲಿ, ಅದನ್ನೂ ಕಿತ್ತುಕೊಂಡರೆ ಮನುಷ್ಯನ ಹತ್ತಿರ ಏನು ಉಳಿಯುತ್ತದೆ ಎಂದಳು. ಹಾಗಾಗಿ ಟ್ಯಾಬ್ ಹಗಲಲ್ಲಿ ಕಾಲೇಜಿಗೆ ಹೋಗಿ, ಸಂಜೆ ಬಂದು ಬೀರುವಿನ ಬೆಡ್‌ಶೀಟುಗಳ ಮಧ್ಯೆ ಮಲಗುತ್ತಿತ್ತು. ಓದುವಾಗ ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಮಗಳು ಅದನ್ನು ದಪ್ಪ ಪುಸ್ತಕದ ಕೆಳಗೆ ಸರಿಸಿ, ಪುಸ್ತಕದ ಯಾವುದೋ ಪುಟದಲ್ಲಿ ಕಣ್ಣು ನೆಡುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಆ ಪುಸ್ತಕದ ದಪ್ಪ ನೋಡಿಯೇ ಪುಳಕಗೊಳ್ಳುತ್ತಿದ್ದರು.

ವರ್ಷದ ಕೊನೆಗೆ ಹುಡುಗಿ ಡಿಸ್ಟಿಂಕ್ಷನ್‌ನಲ್ಲಿ ಪಾಸಾದಳು. ಭಾವ ಎರಡು ಇಂಚು ಎತ್ತರವಾದರು.

ಅಲ್ಲಿಗೆ ಸುಮ್ಮನಾಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಆ ಪಾಸಿಗೆ ಕಾರಣ ತಾವು ಟ್ಯಾಬ್ ಕೊಡಿಸದೇ ಇದ್ದದ್ದು ಎಂದು ಅವರು ಕಂಡುಹಿಡಿದರು! ಏನೂ ಮಾಡದೆ ಕೂತವರಿಗೆ ಇಂಥ ಫಲ ಸಿಕ್ಕರೆ ಬಿಡುತ್ತಾರೆಯೇ? ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಗೆ ಹೋದರೆ ಅಲ್ಲೂ ಅದೇ ಭಾಷಣ. "ನನ್ನ ಮಗಳು ಟ್ಯಾಬ್ ಕೈಯಲ್ಲಿ ಮುಟ್ಟಿಲ್ಲ ಸ್ವಾಮಿ. ಕೈಯಲ್ಲಿ ಪರದೆ ಇದ್ರೆ ತಲೆ ನಿದ್ದೆ ಮಾಡತ್ತೆ. ಡಾಕ್ಟರ್ ಆದ್ಮೇಲೆ ತಗೊಂಡ್ರೆ ಸಾಕು." ನಾವು ಮೂವರೂ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದೆವು. ನಾನು ಅವರ ದನಿಯನ್ನು ಅನುಕರಿಸಿ ತೋರಿಸುತ್ತಿದ್ದೆ, ಹುಡುಗಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂರುತ್ತಿದ್ದಳು. ನಮಗೆ ಅದೊಂದು ಪುಕ್ಕಟೆ ನಾಟಕವಾಗಿತ್ತು.

ಹುಡುಗಿ ವಾರ್ಡುಗಳಿಗೆ ಹೋಗುವ ವರ್ಷಕ್ಕೆ ಬಂದಾಗ ಪೆಟ್ಟಿಗೆಯಣ್ಣನ ಮಗಳಿಗೂ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಪೆಟ್ಟಿಗೆಯಣ್ಣ ಎಂದರೆ ಭಾವ ಕೂತ ಮೇಲೆ ಕೂರುವವರು, ಎದ್ದ ಮೇಲೆ ಏಳುವವರು. ಸಾರ್ ಹೇಳಿದ ಮೇಲೆ ಮುಗಿಯಿತು. ಅವರು ಮಗಳಿಗೆ ಟ್ಯಾಬ್ ಕೊಡಿಸಬೇಕೆಂದಿದ್ದವರು ಸಾಹೇಬರನ್ನು ಒಂದು ಮಾತು ಕೇಳಿದರಂತೆ. ಸಾಹೇಬರಿಗೆ ಬೇಕಾಗಿದ್ದೂ ಅದೇ. "ಹುಚ್ಚನ ಥರ ಆಡಬೇಡಪ್ಪ, ನನ್ನ ಮಗಳನ್ನ ನೋಡು" ಎಂದರಂತೆ. ಈ ಸಂಗತಿ ನಮ್ಮ ಕಿವಿಗೆ ಬೀಳಲೇ ಇಲ್ಲ. ಭಾವನ ಉಪದೇಶವನ್ನು ಯಾರಾದರೂ ನಿಜಕ್ಕೂ ಪಾಲಿಸಬಹುದು ಎಂದು ನಮಗೆ ಹೊಳೆದೂ ಇರಲಿಲ್ಲ.

ನನಗೆ ರಜೆ ಇದ್ದ ದಿನ ಮಧ್ಯಾಹ್ನ ಅಕ್ಕನ ಮನೆಯಲ್ಲಿದ್ದೆ. ಪೆಟ್ಟಿಗೆಯಣ್ಣ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಸಣ್ಣಗೆ, ಕಣ್ಣ ಸುತ್ತ ಕಪ್ಪು, ತೊಡೆಯ ಮೇಲೆ ಕಾಲೇಜಿನ ಚೀಲ. ಅಕ್ಕ ಟೀ ತಂದಿಟ್ಟಳು. ಭಾವ ದೊಡ್ಡ ಕುರ್ಚಿಯಲ್ಲಿ ಒರಗಿ, ಕಾಲ ಮೇಲೆ ಕಾಲು ಹಾಕಿದರು.

"ಸಾರ್, ಮಗು ಓದು ಬಿಟ್ಬಿಡ್ತೀನಿ ಅಂತಿದೆ" ಎಂದರು ಪೆಟ್ಟಿಗೆಯಣ್ಣ. "ಎರಡು ಸಲ ಫೇಲಾಯ್ತು. ಕಾಲೇಜಿನವರು ನನ್ನನ್ನೂ ಕರೆಸಿದ್ರು. ಹೀಗೇ ಆದ್ರೆ ವರ್ಷದ ಪರೀಕ್ಷೆಗೆ ಕೂರಿಸಲ್ಲ ಅಂದ್ರು. ನಿಮ್ಮ ಮಗಳ ಹತ್ರ ಒಂದು ಮಾತು ಆಡಿಸೋಣ ಅಂತ ಕರ್ಕೊಂಡ್ಬಂದೆ."

"ಒಳ್ಳೇ ಕೆಲಸ ಮಾಡ್ದೆ" ಎಂದು ಭಾವ ಒಳಗಿನ ಕಡೆ ಕೂಗಿದರು. "ಬಾಮ್ಮಾ ಇಲ್ಲಿ. ಹೇಗೆ ಓದ್ಬೇಕು ಅಂತ ಇವಳಿಗೆ ಸ್ವಲ್ಪ ಹೇಳು."

ನಮ್ಮ ಹುಡುಗಿ ಬಂದು ಗೋಡೆಗೆ ಒರಗಿ ನಿಂತಳು. ಆ ಹುಡುಗಿ ತಲೆ ಎತ್ತಿ ಅವಳನ್ನು ನೋಡಿದ ರೀತಿ ನನಗೆ ಸಹಿಸಲಾಗಲಿಲ್ಲ. ಅಷ್ಟು ಗೌರವ ಇತ್ತು ಅದರಲ್ಲಿ.

"ಅಕ್ಕಾ, ನೀವು ಮಾಡಿದ ಹಾಗೇ ಮಾಡ್ತಿದೀನಿ" ಎಂದಳು. "ಬರೀ ಪುಸ್ತಕದಲ್ಲೇ ಓದ್ತೀನಿ. ಲೈಬ್ರರಿ ಮುಚ್ಚೋವರೆಗೂ ಕೂರ್ತೀನಿ. ಆದ್ರೆ ಹಾಲ್‌ನಲ್ಲಿ ಎಲ್ಲರ ಹಿಂದೆ ನಿಂತ್ರೆ ನಂಗೆ ಏನೂ ಕಾಣ್ಸಲ್ಲ. ಸ್ಲೈಡ್ ಕೇಳಿದ್ರೆ ಗೊತ್ತಾಗಲ್ಲ, ನಾನು ನೋಡೇ ಇರಲ್ಲ. ಟ್ಯಾಬ್ ಇಲ್ದೆ ನೀವು ಹೇಗೆ ಕಲ್ತ್ರಿ ಅಂತ ದಿನಾ ಯೋಚ್ನೆ ಮಾಡ್ತೀನಿ. ನಂಗೆ ಅಷ್ಟು ತಲೆ ಇಲ್ಲ ಅನ್ಸತ್ತೆ. ಅಪ್ಪನ ದುಡ್ಡು ಯಾಕೆ ಹಾಳ್ಮಾಡ್ಲಿ? ನಾಳೆ ಹೋಗಿ ಬಿಡ್ತೀನಿ ಅಂತ ಬರೆದುಕೊಡೋಣ ಅಂತಿದೀನಿ."

"ಏಕಾಗ್ರತೆ ಇಲ್ಲ, ಅಷ್ಟೇ" ಎಂದರು ಭಾವ. "ಎಲ್ಲರಿಗೂ ಆಗೋ ಕೆಲಸ ಅಲ್ಲ ಇದು."

ನಮ್ಮ ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಾರದೆ ಟೀ ಲೋಟ ನೋಡಿದೆ. ಅಡುಗೆಮನೆಯಲ್ಲಿ ನಾವು ನಕ್ಕದ್ದೆಲ್ಲ ಈ ಹುಡುಗಿಯ ತಲೆಯ ಮೇಲೆ ಬಿದ್ದಿತ್ತು. ಭಾವನನ್ನು ಹೀಯಾಳಿಸಿಕೊಂಡೇ ಕಾಲ ಕಳೆದ ನನ್ನ ಜಾಣತನಕ್ಕೆ ಥೂ ಎಂದುಕೊಂಡೆ. ಅವರಾದರೂ ತಿಳಿಯದೆ ಮಾಡಿದ್ದರು. ನಮಗೆ ಎಲ್ಲ ತಿಳಿದಿತ್ತು.

ನಮ್ಮ ಹುಡುಗಿ ಒಳಗೆ ಹೋದಳು. ಬೀರು ತೆರೆದ ಸದ್ದಾಯಿತು. ಮತ್ತೆ ಬಂದಾಗ ಅವಳ ಕೈಯಲ್ಲಿ ಟ್ಯಾಬ್ ಇತ್ತು. ಮೂಲೆಯಲ್ಲಿ ಬಣ್ಣ ಹೋಗಿತ್ತು, ಹಿಂಭಾಗದಲ್ಲಿ ಅವಳ ಬ್ಯಾಚಿನ ಸ್ಟಿಕ್ಕರು ಅರ್ಧ ಕಿತ್ತುಹೋಗಿತ್ತು. ಇವತ್ತು ನಿನ್ನೆಯದಲ್ಲ ಎಂದು ಕುರುಡನಿಗೂ ತಿಳಿಯುತ್ತಿತ್ತು. ಅವಳು ಅದನ್ನು ಆ ಹುಡುಗಿಯ ಚೀಲದ ಮೇಲೆ ಇಟ್ಟಳು.

"ನಾನು ಇದರಲ್ಲೇ ಓದಿದ್ದು" ಎಂದಳು. "ಮೊದಲ್ನೇ ವರ್ಷದಿಂದ. ನಾನೂ ಇದು ಬರೋ ತನಕ ಫೇಲೇ ಆಗಿದ್ದೆ."

ಭಾವ ಕಾಲು ಕೆಳಗಿಟ್ಟರು, ಬಗ್ಗಿ ಟ್ಯಾಬನ್ನು ಕೈಗೆತ್ತಿಕೊಂಡರು. ಕೂಗಾಡುತ್ತಾರೆ ಎಂದು ನಾನು ಸಿದ್ಧಳಾದೆ. ಕೂಗಾಡಿದ್ದರೆ ಅವರ ಮೇಲೆ ನನಗೆ ಒಂದು ಚೂರು ಮರ್ಯಾದೆ ಹುಟ್ಟುತ್ತಿತ್ತೋ ಏನೋ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಇದಾ?" ಎಂದರು. "ಇದರ ಮುಂದಿನ ಮಾಡೆಲ್ಲು ಆಮೇಲೆ ಆರೇ ತಿಂಗಳಿಗೆ ಬಂತು. ಸ್ವಲ್ಪ ಕಾದಿದ್ರೆ ಅದೇ ಸಿಗ್ತಿತ್ತು."

ಆ ಹುಡುಗಿಗೆ ಇವರ ಮಾತು ಕೇಳಿಸಿರಲೇ ಇಲ್ಲ. ಅವಳು ನಮ್ಮ ಹುಡುಗಿಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ನಾನು ದಡ್ಡಿ ಅಲ್ವಾ ಅಕ್ಕಾ?"

"ಅಲ್ಲ ಕಣೇ. ನಾನು ಸುಳ್ಳು ಹೇಳ್ತಿದ್ದೆ."

ಹುಡುಗಿ ಅಂಗೈಯಿಂದ ಮೂಗು ಒರೆಸಿಕೊಂಡು ಒಂದು ಸಲ ನಕ್ಕಳು, ಆಮೇಲೆ ಅಳಲು ಶುರು ಮಾಡಿದಳು. ಪೆಟ್ಟಿಗೆಯಣ್ಣ ಟೀ ಲೋಟವನ್ನು ಕೆಳಗಿಟ್ಟು ಎದ್ದು ನಿಂತರು. ಸಾಹೇಬರು ಇನ್ನೂ ಕೂತೇ ಇದ್ದರು. ಅವರಿಗಿಂತ ಮೊದಲು ಇವರು ಎದ್ದದ್ದನ್ನು ನಾನು ಕಂಡದ್ದು ಅವತ್ತೇ.

"ಏಳಮ್ಮ" ಎಂದರು ಮಗಳಿಗೆ. "ಅಂಗಡಿ ತೆಗ್ದಿರತ್ತೆ, ಹೋಗಿ ತಗೊಂಡ್ಬಿಡೋಣ." ಆಮೇಲೆ ನಮ್ಮ ಹುಡುಗಿಯ ಕಡೆ ತಿರುಗಿ, "ಯಾವುದು ತಗೋಬೇಕು ಅಂತ ನಮಗೆ ತಿಳಿಯಲ್ಲ ಕಂದ. ನೀನೂ ಸ್ವಲ್ಪ ಬರ್ತೀಯಾ?" ಎಂದರು.

ಭಾವ ಗಂಟಲು ಸರಿಮಾಡಿಕೊಂಡರು. ಅಷ್ಟು ವರ್ಷ ವಿಡಿಯೋ ನೋಡಿದ ತಜ್ಞರು ಎದುರಿಗೇ ಕೂತಿದ್ದರು, ಪೆಟ್ಟಿಗೆಯಣ್ಣ ಅವರ ಕಡೆ ತಿರುಗಲಿಲ್ಲ. ನಮ್ಮ ಹುಡುಗಿ ಅಪ್ಪನ ಕೈಯಿಂದ ತನ್ನ ಟ್ಯಾಬನ್ನು ಮೆಲ್ಲಗೆ ಬಿಡಿಸಿಕೊಂಡಳು. ಮೂವರೂ ಮೆಟ್ಟಿಲಿಳಿದು ಹೋದರು. ಬೀದಿಯಲ್ಲಿ ಹುಡುಗಿಯರ ಮಾತು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಭಾವ ಖಾಲಿ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಅಕ್ಕನ ಕಡೆ ನೋಡಿದರು. ಮುಖ ಚಿಕ್ಕದಾಗಿತ್ತು.

"ಮೂರು ಜನ ಸೇರ್ಕೊಂಡು ಇಷ್ಟು ದಿನ ಮುಚ್ಚಿಟ್ರಲ್ಲ" ಎಂದರು. "ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ನಿಮಗೆ ಅನಿಸ್ಲೇ ಇಲ್ವಾ?"

ಮದುವೆಯಾದ ಲಾಗಾಯ್ತಿನಿಂದ ಗಂಡನಿಗೆ ಒಂದು ಎದುರು ಮಾತಾಡದ ನಮ್ಮಕ್ಕ ಲೋಟಗಳನ್ನು ತಟ್ಟೆಗೆ ಇಟ್ಟುಕೊಳ್ಳುತ್ತಿದ್ದವಳು ನಿಲ್ಲಿಸಿದಳು.

"ಕೇಳಿದ್ವಲ್ರೀ" ಎಂದಳು. "ಅವಳು ಫೇಲಾಗೋವರೆಗೂ ನಿಮ್ಮನ್ನೇ ಕೇಳ್ತಿದ್ವಿ."